ಗಡಿ ದಾಟಿ ಬಂದ ಬೆಳ್ಳಿಬಟ್ಟಲು

ನಮ್ಮ ಪುಳ್ಳಿ ಕೇಳಿದ ಒಂದು ಪ್ರಶ್ನೆಗೆ ಕೂಡಲೇ ಉತ್ತರ ಕೊಡಲಾರದೆ ಹೋದೆವು. ಈ ಬರೆಹಕ್ಕೆ ಅದೇ ಕಾರಣ. 2024ರ ಜೂನ್ ತಿಂಗಳಲ್ಲಿ ನಾವು ದಂಪತಿಗಳಿಬ್ಬರೂ ಉತ್ತರ ಐರ್ಲೆಂಡಿನ ನ್ಯೂರಿ ಎಂಬಲ್ಲಿಗೆ ಹೋಗಿದ್ದೆವು. ಮಗಳು ಅಲ್ಲಿಯ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿ ಸೇರಿ ಹತ್ತು ವರ್ಷಗಳಾಗಿದ್ದವು. ಎಂಟು ವರ್ಷದ ಮಗ ಹುಟ್ಟಿದ್ದೂ ಬೆಳೆದದ್ದೂ ಅಲ್ಲಿಯೇ. ಬದಿಯಡ್ಕದ ಕಡೆಯ ನಮ್ಮ ಮನೆಯಲ್ಲಿ ಈಗ ನಾವಿಬ್ಬರೇ. ಅಡಿಕೆ ಮರ ಹತ್ತಿ ಮದ್ದು ಬಿಡುವವರು ಸಿಕ್ಕುವುದೇ ದುರ್ಲಭವಾಗಿದೆ. ಮಳೆ ಬಲವಾದ ವರ್ಷ ಕೊಳೆರೋಗದಿಂದ ಉದುರಿದ ಎಳೆಗಾಯಿಗಳನ್ನು ನೋಡಿ ನಿಟ್ಟುಸಿರು ಬಿಡುವುದಷ್ಟೇ ನಮ್ಮ ಕೃಷಿ. ‘ಪರದೇಶ ಸಾಕು, ಇನ್ನು ಊರಿಗೆ ಬಂದುಬಿಡಿ’ ಎಂದು ಮಗಳಿಗೂ ಅಳಿಯನಿಗೂ ಎದುರಾ ಎದುರು ಹೇಳಿಯೇ ಬರುವುದೆಂದು ನಿಶ್ಚಯಿಸಿಕೊಂಡು ನಾವು ವಿಮಾನ ಹತ್ತಿದ್ದೆವು. ‘ಒಂದು ವಿಷಯ ಮಾತಾಡಲಿಕ್ಕುಂಟು, ಬಂದ ಮೇಲೆ ಹೇಳುತ್ತೇವೆ’ ಎಂದು ಫೋನಿನಲ್ಲಿಯೂ ತಿಳಿಸಿದ್ದಾಗಿತ್ತು.

ತಲಪಿದ ಮರುದಿನ ಬೆಳಿಗ್ಗೆ ಪುಳ್ಳಿ ನಮ್ಮ ಮುಂದೆ ಬಂದು ನಿಂತ. ಮೈಮೇಲೆ ಕೆಂಪು ಮತ್ತು ಕಪ್ಪು ಬಣ್ಣದ ಅಂಗಿ, ಕೈಯಲ್ಲಿ ವಾಲಿಬಾಲನ್ನು ಹೋಲುವ ಚೆಂಡು.

“ಅಜ್ಜ, ನಿಮ್ಮ ಕೌಂಟಿ ಯಾವುದು?”

“ಕಾಸರಗೋಡು” ಎಂದೆವು.

“ಅದಕ್ಕೆ ತಂಡ ಉಂಟಾ?”

ನಾವು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡೆವು. ಕೊನೆಗೆ ಅವನ ಅಜ್ಜಿಗೆ ಒಂದು ಉತ್ತರ ಹೊಳೆಯಿತು. “ತಂಡ ಇಲ್ಲ ಮಗಾ, ಮೇಳ ಉಂಟು.”

“ಮೇಳದ ಅಂಗಿ ಯಾವ ಬಣ್ಣ?”

“ಎಲ್ಲ ಬಣ್ಣವೂ ಉಂಟು.”

ಹುಡುಗನಿಗೆ ಇದು ಸಮಾಧಾನವಾಗಲಿಲ್ಲ. ಎಲ್ಲ ಬಣ್ಣವನ್ನೂ ತೊಡುವ ತಂಡ ಯಾವ ಊರಿನದೆಂದು ತಿಳಿಯುವುದು ಹೇಗೆ? ಅವನ ಪ್ರಪಂಚದಲ್ಲಿ ಮನುಷ್ಯನಾದವನಿಗೆ ಒಂದು ಕೌಂಟಿ ಇರಬೇಕು, ಕೌಂಟಿಗೊಂದು ತಂಡ ಇರಬೇಕು, ತಂಡಕ್ಕೆ ಅದರದೇ ಬಣ್ಣ ಇರಬೇಕು. ಅವನ ಕೌಂಟಿ ಡೌನ್. ಇಂಗ್ಲಿಷು ಬಲ್ಲವರು ‘ಕೆಳಗೆ’ ಎಂದು ಅರ್ಥ ಮಾಡಿಕೊಳ್ಳಬಾರದು. ಐರಿಷ್ ಭಾಷೆಯ ‘ಡೂನ್’ ಎಂಬ ಶಬ್ದವೇ ಇಂಗ್ಲಿಷರ ಬಾಯಲ್ಲಿ ಡೌನ್ ಆಯಿತು. ಡೂನ್ ಎಂದರೆ ಕೋಟೆ. ಬೇಕಲದ ನೆರೆಯವರಾದ ನಮಗೆ ಈ ಅರ್ಥ ತಿಳಿದ ಮೇಲೆ ಆ ಹೆಸರು ತುಸು ಹತ್ತಿರದ್ದೆನಿಸಿತು.

ಕೌಂಟಿ ಎಂಬುದು ಸುಮಾರಾಗಿ ನಮ್ಮ ಜಿಲ್ಲೆಯಂಥದು. ಐರ್ಲೆಂಡ್ ದ್ವೀಪದಲ್ಲಿ ಒಟ್ಟು 32 ಕೌಂಟಿಗಳು. 1921ರಲ್ಲಿ ದ್ವೀಪವು ಇಬ್ಭಾಗವಾದಾಗ ಈಶಾನ್ಯದ 6 ಕೌಂಟಿಗಳು ಬ್ರಿಟಿಷ್ ಆಳ್ವಿಕೆಯಲ್ಲಿಯೇ ಉಳಿದುವು. ಉಳಿದ 26 ಬೇರೆ ರಾಷ್ಟ್ರವಾದುವು. ಡೌನ್ ಆ ಆರರಲ್ಲಿ ಒಂದು. ಇದರಲ್ಲಿ ಇನ್ನೊಂದು ವಿಚಿತ್ರವಿದೆ. ಉತ್ತರ ಐರ್ಲೆಂಡಿನಲ್ಲಿ 1973ರ ಆಡಳಿತ ಸುಧಾರಣೆಯಲ್ಲಿ ಕೌಂಟಿಯ ಆಡಳಿತ ಮಂಡಳಿಗಳನ್ನೇ ರದ್ದು ಮಾಡಿಬಿಟ್ಟರು. ಇಂದು ಡೌನ್ ಕೌಂಟಿಗೆ ಕಚೇರಿಯಿಲ್ಲ, ಅಧಿಕಾರಿಯಿಲ್ಲ, ತೆರಿಗೆ ವಸೂಲಿ ಮಾಡುವ ಹಕ್ಕಿಲ್ಲ. ಸರಕಾರದ ಮಟ್ಟಿಗೆ ಅದು ಇಲ್ಲವೆಂದೇ ಹೇಳಬಹುದು. ಆದರೆ ಯಾರ ಮನೆಯ ಕಿಟಕಿಯಲ್ಲಿ ನೋಡಿದರೂ ಆ ಕೌಂಟಿಯ ಕೆಂಪು-ಕಪ್ಪು ಧ್ವಜ! 1956ರ ನವೆಂಬರ್ 1ರಂದು ದಕ್ಷಿಣ ಕನ್ನಡದಿಂದ ಕಾಸರಗೋಡು ಬೇರ್ಪಟ್ಟು ಇಷ್ಟು ಕಾಲವಾದರೂ ‘ನಮ್ಮ ಜಿಲ್ಲೆ’ ಎನ್ನುವಾಗ ಮಂಗಳೂರನ್ನೇ ಮನಸ್ಸಿನಲ್ಲಿಟ್ಟು ಮಾತಾಡುತ್ತಿದ್ದ ಹಿರಿಯರನ್ನು ನಾವು ಕಂಡಿದ್ದೇವೆ. ಆ ಹಿರಿಯರೊಂದಿಗೆ ಆ ಮಾತೂ ಹೋಗುತ್ತಾ ಬಂತು. ಡೌನಿನವರ ‘ನಮ್ಮ ಕೌಂಟಿ’ ಮಾತ್ರ ಎಂಟು ವರ್ಷದ ಹುಡುಗನ ಬಾಯಲ್ಲಿಯೂ ಇದೆಯಲ್ಲ, ಇದು ಹೇಗೆ ಎಂಬ ಕುತೂಹಲ ನಮಗೆ ಹುಟ್ಟಿತು. ಹುಡುಗನ ಚೆಂಡನ್ನೇ ಹಿಂಬಾಲಿಸಿ ಹೋದೆವು.

ಮೊದಲು ಆಟದ ವಿಷಯ. ಗೇಲಿಕ್ ಫುಟ್ಬಾಲ್ ನಾವು ಬಲ್ಲ ಕಾಲ್ಚೆಂಡಲ್ಲ. ಒಂದೊಂದು ಪಕ್ಷಕ್ಕೆ 15 ಮಂದಿ. ಚೆಂಡನ್ನು ಕೈಯಲ್ಲಿ ಹಿಡಿಯಬಹುದು. ಆದರೆ ನಾಲ್ಕು ಹೆಜ್ಜೆಗಿಂತ ಹೆಚ್ಚು ಹಾಗೆಯೇ ಓಡುವಂತಿಲ್ಲ. ನೆಲಕ್ಕೆ ಪುಟಿಸಬೇಕು, ಇಲ್ಲವೇ ಪಾದದ ತುದಿಯಿಂದ ಮೇಲಕ್ಕೆ ಚಿಮ್ಮಿಸಿ ಮತ್ತೆ ಹಿಡಿಯಬೇಕು. ಓಡುತ್ತಾ ಓಡುತ್ತಾ ಚೆಂಡನ್ನು ಕಾಲಿನಿಂದ ಕೈಗೆ ಕೊಡುವ ಈ ಚಮತ್ಕಾರವನ್ನು ಪುಳ್ಳಿ ಹಿತ್ತಿಲಿನಲ್ಲಿ ದಿನವಿಡೀ ಅಭ್ಯಾಸ ಮಾಡುತ್ತಿದ್ದ. ಗೋಲಿನ ಕಂಬಗಳು ಅಡ್ಡಪಟ್ಟಿಯನ್ನೂ ದಾಟಿ ಆಕಾಶಕ್ಕೆ ಚಾಚಿರುತ್ತವೆ. ಅಡ್ಡಪಟ್ಟಿಯ ಕೆಳಗೆ ಬಲೆಗೆ ಬಿದ್ದರೆ ಗೋಲು, ಅದಕ್ಕೆ 3 ಅಂಕ. ಮೇಲಿನಿಂದ ಕಂಬಗಳ ನಡುವೆ ಹಾದರೆ 1 ಅಂಕ. 2025ರಿಂದ, 40 ಮೀಟರಿನ ಗೆರೆಯಾಚೆಯಿಂದ ಒದ್ದು ಮೇಲೆ ಹಾಯಿಸಿದರೆ 2 ಅಂಕವೆಂದು ನಿಯಮ ಮಾಡಿದ್ದಾರೆ. ಲೆಕ್ಕ ಬರೆಯುವಾಗ ಗೋಲನ್ನೂ ಅಂಕವನ್ನೂ ಬೇರೆ ಬೇರೆಯಾಗಿಯೇ ಬರೆಯುವುದು ರೂಢಿ. 2-10 ಎಂದರೆ ಎರಡು ಗೋಲು, ಹತ್ತು ಅಂಕ, ಒಟ್ಟು 16.

ನಮಗೆ ಹೆಚ್ಚು ಆಶ್ಚರ್ಯ ತಂದದ್ದು ಇದಲ್ಲ. ಎಂಬತ್ತು ಸಾವಿರ ಜನರ ಮುಂದೆ ಆಡುವ ಈ ಆಟಗಾರರಲ್ಲಿ ಯಾರಿಗೂ ಆಟಕ್ಕಾಗಿ ಸಂಬಳವಿಲ್ಲ. ಅವರು ಮೇಷ್ಟ್ರು, ಬಡಗಿ, ಕೃಷಿಕ, ಬ್ಯಾಂಕಿನ ಗುಮಾಸ್ತ. ಸೋಮವಾರ ಬೆಳಿಗ್ಗೆ ಅವರವರ ಕೆಲಸಕ್ಕೆ ಹೋಗುವವರು. ಹಣ ಕೊಟ್ಟು ಬೇರೆ ಕೌಂಟಿಯ ಜಾಣನನ್ನು ಕೊಂಡು ತರುವ ಪದ್ಧತಿಯೂ ಇಲ್ಲ. ಊರಿನ ಸಂಘದಲ್ಲಿ ಆಡಿ ಬೆಳೆದವನು ಆ ಊರಿನ ಕೌಂಟಿಗೆ ಆಡುತ್ತಾನೆ. ನೆಲದಲ್ಲಿ ಬೆಳೆದದ್ದರಲ್ಲಿಯೇ ಅಡುಗೆ ಮಾಡಬೇಕು. ಬೆಳೆ ಕೆಟ್ಟ ವರ್ಷ ಹಸಿದಿರಬೇಕು.

ಈ ಆಟಗಳ ಮಾತೃಸಂಸ್ಥೆಯಾದ ಗೇಲಿಕ್ ಅಥ್ಲೆಟಿಕ್ ಸಂಘವು ಟಿಪ್ಪರೆರಿ ಕೌಂಟಿಯ ಥರ್ಲ್ಸ್ ಎಂಬ ಊರಿನ ಹೋಟೆಲೊಂದರಲ್ಲಿ ಮೈಕೆಲ್ ಕ್ಯೂಸಕ್, ಮಾರಿಸ್ ಡೇವಿನ್ ಮೊದಲಾದ ಕೆಲವೇ ಜನರ ಸಭೆಯಲ್ಲಿ ಹುಟ್ಟಿತು. ದಿನಾಂಕ 1884ರ ನವೆಂಬರ್ 1! ಆ ತಾರೀಕನ್ನು ಓದಿದಾಗ ನಾವು ಗಡಿನಾಡ ಕನ್ನಡಿಗರು ಒಂದು ಕ್ಷಣ ಸುಮ್ಮನಾದೆವೆಂದರೆ ವಾಚಕರಿಗೆ ಕಾರಣ ಹೇಳಬೇಕಾಗಿಲ್ಲ. ಅದು ಕಾಕತಾಳೀಯ, ಇರಲಿ. ದೇಶ ಎರಡಾದಾಗ ಈ ಸಂಘ ಮಾಡಿದ, ಅಥವಾ ಮಾಡದೆ ಉಳಿದ, ಒಂದು ಕೆಲಸ ಮಾತ್ರ ಗಮನಾರ್ಹ. ಅದು ಎರಡಾಗಲಿಲ್ಲ. ಹಳೆಯ ಅಲ್ಸ್ಟರ್ ಪ್ರಾಂತದಲ್ಲಿ 9 ಕೌಂಟಿಗಳಿದ್ದುವು. ಅವುಗಳಲ್ಲಿ ಆರು ಗಡಿಯ ಆಚೆಗೂ ಕ್ಯಾವನ್, ಮೊನಾಹನ್, ಡೊನೆಗಾಲ್ ಎಂಬ ಮೂರು ಈಚೆಗೂ ಬಿದ್ದುವು. ಸಂಘವು ಒಂಬತ್ತನ್ನೂ ಒಂದೇ ಪಂದ್ಯಾವಳಿಯಲ್ಲಿ ಆಡಿಸುತ್ತಾ ಬಂತು. ಸುಂಕದ ಕಟ್ಟೆ ಬಂತು, ಸೈನ್ಯ ಬಂತು, ಕಾವಲು ಗೋಪುರ ಬಂತು. ಪಂದ್ಯಗಳ ವೇಳಾಪಟ್ಟಿಯಲ್ಲಿ ಮಾತ್ರ ಗಡಿ ಎಂಬುದು ಎಂದೂ ಕಾಣಿಸಿಕೊಳ್ಳಲಿಲ್ಲ.

ಆದರೆ ಗೆಲುವಿನ ಪಟ್ಟಿಯಲ್ಲಿ ಕಾಣಿಸಿಕೊಳ್ಳುತ್ತಿತ್ತು. ಅಖಿಲ ಐರ್ಲೆಂಡ್ ವಿಜೇತರಿಗೆ 1928ರಿಂದ ಕೊಡುತ್ತಿರುವ ಬೆಳ್ಳಿಬಟ್ಟಲಿಗೆ ಸ್ಯಾಮ್ ಮಗ್ವಾಯರ್ ಎಂದು ಹೆಸರು. ಆತ ಕಾರ್ಕ್ ಕೌಂಟಿಯ ಪ್ರೊಟೆಸ್ಟೆಂಟ್ ಮನೆತನದವನು, ಲಂಡನ್ನಿನ ಅಂಚೆ ಇಲಾಖೆಯಲ್ಲಿದ್ದುಕೊಂಡು ಐರ್ಲೆಂಡಿನ ಸ್ವಾತಂತ್ರ್ಯಕ್ಕಾಗಿ ಗುಟ್ಟಿನಲ್ಲಿ ದುಡಿದವನು. ಬಟ್ಟಲನ್ನು ಪುರಾತನವಾದ ಆರ್ಡಾ ಪೂಜಾಪಾತ್ರೆಯ ಮಾದರಿಯಲ್ಲಿ ಮಾಡಿದ್ದಾರೆ. 1959ರ ತನಕ ಈ ಬಟ್ಟಲು ಗಡಿಯಾಚೆಯ ಆರು ಕೌಂಟಿಗಳಲ್ಲಿ ಒಂದಕ್ಕೂ ಹೋಗಿರಲಿಲ್ಲ. ಆರ್ಮಾ 1953ರಲ್ಲಿ, ಡೆರಿ 1958ರಲ್ಲಿ ಅಂತಿಮ ಪಂದ್ಯದವರೆಗೆ ಬಂದು ಬರಿಗೈಯಲ್ಲಿ ಹಿಂದಿರುಗಿದ್ದುವು. ಡೌನಿನ ಪಾಡಂತೂ ಹೇಳುವುದೇ ಬೇಡ. ಅದು ಅಲ್ಸ್ಟರ್ ಪ್ರಾಂತದ ಪ್ರಶಸ್ತಿಯನ್ನೇ ಒಮ್ಮೆಯೂ ಕಂಡಿರಲಿಲ್ಲ. ಆ ಪ್ರಶಸ್ತಿಯನ್ನು ಕ್ಯಾವನಿನವರು ಪಿತ್ರಾರ್ಜಿತ ಆಸ್ತಿಯಂತೆ ಅನುಭವಿಸುತ್ತಿದ್ದರು.

ಇಲ್ಲಿ ಮಾರಿಸ್ ಹೇಯ್ಸ್ ಎಂಬವರ ಪ್ರವೇಶ. ಡೌನ್‌ಪ್ಯಾಟ್ರಿಕ್ ಪಟ್ಟಣದ ನಗರಸಭೆಯಲ್ಲಿ ಗುಮಾಸ್ತರೆಂದು ಕರೆಯಲ್ಪಡುವ ಮುಖ್ಯ ಅಧಿಕಾರಿ. 1950ರ ದಶಕದಲ್ಲಿ ಕೌಂಟಿ ಮಂಡಳಿಯ ಕಾರ್ಯದರ್ಶಿಯೂ ಆದರು. ಕಡತದ ಮನುಷ್ಯ, ಆದರೆ ಕಡತದಲ್ಲಿ ಕನಸು ಬರೆಯಬಲ್ಲ ಮನುಷ್ಯ. ಹತ್ತು ವರ್ಷದೊಳಗೆ ಸ್ಯಾಮ್ ಮಗ್ವಾಯರ್ ಬಟ್ಟಲು ಡೌನಿಗೆ ಬರಬೇಕೆಂದು ಅವರು ಯೋಜನೆ ಹಾಕಿದರಂತೆ. ಪ್ರಾಂತದ ಪ್ರಶಸ್ತಿಯನ್ನೇ ಕಾಣದವರು ಹೀಗೆ ಹೇಳಿದರೆ ಯಾರು ನಂಬಿಯಾರು? ಉತ್ತರದವರ ಸೋಲಿಗೆ ಕಾಲಿನ ದೌರ್ಬಲ್ಯ ಕಾರಣವಲ್ಲ, ಮನಸ್ಸಿನ ಅಂಜಿಕೆಯೇ ಕಾರಣ, ಡಬ್ಲಿನ್ನಿನ ಕ್ರೋಕ್ ಪಾರ್ಕ್ ಮೈದಾನಕ್ಕೆ ಕಾಲಿಡುವಾಗಲೇ ಇವರು ಅರ್ಧ ಸೋತಿರುತ್ತಾರೆ ಎಂಬುದು ಅವರು ಕಂಡುಕೊಂಡ ಸತ್ಯ. ಬಾರ್ನಿ ಕಾರ್ ತಂಡದ ಮ್ಯಾನೇಜರ್, ಡ್ಯಾನಿ ಫ್ಲಿನ್ ತರಬೇತುದಾರ. ಆಟಗಾರರನ್ನು ಕೆಲಸ ಮುಗಿದ ಮೇಲೆ ಒಟ್ಟುಗೂಡಿಸಿ ತರಬೇತು ಮಾಡಿಸಿದರು. ದಕ್ಷಿಣದ ಬಲಿಷ್ಠ ತಂಡಗಳೊಡನೆ ಮತ್ತೆ ಮತ್ತೆ ಸೌಹಾರ್ದ ಪಂದ್ಯಗಳನ್ನು ಏರ್ಪಡಿಸಿ ಭಯ ಬಿಡಿಸಿದರು. ಆಟದಲ್ಲಿಯೂ ಹೊಸತನ ತಂದರು. ಮುಂದಾಳುಗಳು ನಿಂತಲ್ಲಿಯೇ ನಿಂತು ಚೆಂಡಿಗಾಗಿ ಕಾಯುವ ಬದಲು ಸ್ಥಾನ ಬಿಟ್ಟು ಓಡುತ್ತಾ ಎದುರಾಳಿಗಳನ್ನು ಕಂಗೆಡಿಸುವುದು ಡೌನಿನ ರೀತಿಯಾಯಿತು.

ಈ ಭಾಗವನ್ನು ನಾವು ಸ್ವಲ್ಪ ದೀರ್ಘವಾಗಿಯೇ ಬರೆಯುತ್ತಿದ್ದೇವೆ, ವಾಚಕರು ಕ್ಷಮಿಸಬೇಕು. ಗಡಿಯ ಜನರಿಗೆ ದೂರು ಹೇಳುವುದು ಅಭ್ಯಾಸವಾಗಿಬಿಡುತ್ತದೆ. ನಮ್ಮ ಆಯುಷ್ಯದಲ್ಲಿ ಎಷ್ಟು ಮನವಿಪತ್ರಗಳಿಗೆ ಸಹಿ ಹಾಕಿದ್ದೇವೆಂಬ ಲೆಕ್ಕ ನಮ್ಮಲ್ಲಿಲ್ಲ, ಅವು ಬೇಕಾದವುಗಳೇ. ಡೌನಿನವರಿಗೂ ದೂರುಗಳು ಬೇಕಷ್ಟಿದ್ದುವು. ಆದರೆ ಹೇಯ್ಸರ ಹತ್ತು ವರ್ಷದ ಯೋಜನೆಯನ್ನು ಓದುವಾಗ, ಮನವಿಯ ಜತೆಗೆ ನಾವು ಇಂಥ ಒಂದು ಕಾಗದವನ್ನೂ ಬರೆದಿಟ್ಟುಕೊಳ್ಳಬಹುದಿತ್ತಲ್ಲ ಎನಿಸಿತು.

1959ರಲ್ಲಿ ಡೌನ್ ಕ್ಯಾವನನ್ನು ಸೋಲಿಸಿ ಮೊತ್ತಮೊದಲ ಬಾರಿ ಅಲ್ಸ್ಟರ್ ಪ್ರಶಸ್ತಿ ಪಡೆಯಿತು. ಆದರೆ ಅಖಿಲ ಐರ್ಲೆಂಡ್ ಉಪಾಂತ್ಯದಲ್ಲಿ ಗಾಲ್ವೇಗೆ ಶರಣಾಯಿತು. ಮರುವರ್ಷ ಮತ್ತೆ ಕ್ಯಾವನ್, ಮತ್ತೆ ಗೆಲುವು. ಉಪಾಂತ್ಯದಲ್ಲಿ ಆಫಲಿಯೊಡನೆ ಸಮ, ಮರುಪಂದ್ಯದಲ್ಲಿ ಜಯ. 1960ರ ಸೆಪ್ಟೆಂಬರ್ 25ರ ಭಾನುವಾರ ಅಂತಿಮ ಪಂದ್ಯ. ಎದುರಾಳಿ ಕೆರಿ, ಅದುವರೆಗೆ 19 ಸಲ ಗೆದ್ದ, ಹಿಂದಿನ ವರ್ಷವಷ್ಟೇ ಬಟ್ಟಲನ್ನೆತ್ತಿದ ಕೆರಿ. ನೋಡಲು ಬಂದವರು 87,768 ಮಂದಿ.

ಆ ದಿನದ ಕತೆಯನ್ನು ನಮಗೆ ಹೇಳಿದವರು ಮಗಳ ನೆರೆಮನೆಯ ವೃದ್ಧರು. ಅವರಿಗಾಗ ಆರು ವರ್ಷ. ಐರ್ಲೆಂಡಿನ ದೂರದರ್ಶನ ಇನ್ನೂ ಆರಂಭವಾಗಿರಲಿಲ್ಲ. ಅಡುಗೆಮನೆಯ ರೇಡಿಯೋದಲ್ಲಿ ಮೈಕೆಲ್ ಒಹೆಹಿರ್ ಎಂಬ ಪ್ರಸಿದ್ಧ ವೀಕ್ಷಕ ವಿವರಣೆಗಾರನ ಧ್ವನಿ. ಮನೆಯಲ್ಲಿ ಕೂತವರಷ್ಟೇ ಮಂದಿ ಕಿಟಕಿಯ ಹೊರಗೂ ನಿಂತಿದ್ದರಂತೆ. ದ್ವಿತೀಯಾರ್ಧದಲ್ಲಿ ಜೇಮ್ಸ್ ಮೆಕಾರ್ಟನ್ ದೂರದಿಂದ ಎತ್ತರಕ್ಕೆ ಒದ್ದ ಚೆಂಡು ಕೆರಿಯ ಗೋಲ್‌ಕೀಪರನ ಕೈಯಿಂದ ಜಾರಿ ಬಲೆಗೆ ಬಿತ್ತು. ಹೆಚ್ಚು ಹೊತ್ತಾಗುವ ಮೊದಲೇ ಡೌನಿಗೆ ಪೆನಾಲ್ಟಿ ಸಿಕ್ಕಿತು. ಪ್ಯಾಡಿ ಡಾಹರ್ಟಿ ಅದನ್ನು ಗೋಲು ಮಾಡಿದ. “ಆಮೇಲೆ ರೇಡಿಯೋ ಏನು ಹೇಳಿತೋ ನನಗೆ ಗೊತ್ತಿಲ್ಲ, ಅಡುಗೆಮನೆಯೇ ಕಿರುಚುತ್ತಿತ್ತು” ಎಂದರು ವೃದ್ಧರು. ಡೌನ್ 2-10, ಕೆರಿ 0-8.

ನಾಯಕ ಕೆವಿನ್ ಮಸನ್ ಬಟ್ಟಲಿನೊಡನೆ ಉತ್ತರಕ್ಕೆ ಹೊರಟ. ಡಬ್ಲಿನ್ನಿನಿಂದ ನ್ಯೂರಿಗೆ ಬರುವ ದಾರಿಯಲ್ಲಿ, ಪಟ್ಟಣಕ್ಕೆ ಏಳೆಂಟು ಕಿಲೋಮೀಟರ್ ಇರುವಾಗ ಗಡಿ. ಆ ಕಾಲದಲ್ಲಿ ಅಲ್ಲಿ ಎರಡು ಸರಕಾರಗಳ ಸುಂಕದ ಕಟ್ಟೆಗಳಿದ್ದುವು. ಬೆಣ್ಣೆ ತಂದರೂ ಪ್ರಶ್ನೆ, ಬಟ್ಟೆ ತಂದರೂ ಪ್ರಶ್ನೆ. ನೆರೆಮನೆಯ ವೃದ್ಧರು ತಂದೆಯ ಹೆಗಲೇರಿ ಕೂತು ರಸ್ತೆಬದಿಯಲ್ಲಿ ಕಾದಿದ್ದರು. ದೂರದಲ್ಲಿ ದೀಪಗಳು ಕಂಡುವು. ಆ ರಾತ್ರಿ ಬಟ್ಟಲಿಗೆ ಯಾರೂ ಸುಂಕ ಕೇಳಲಿಲ್ಲವೆಂದು ಅವರು ಹೇಳಿ ನಕ್ಕರು. ಬಳಿಕ ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. “ನನ್ನ ತಂದೆ ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಅವರ ಹೆಗಲು ನಡುಗುತ್ತಿತ್ತು, ನಾನು ಬೀಳುತ್ತೇನೆಂದು ಹೆದರಿದ್ದೆ” ಎಂದರು. ಸ್ಯಾಮ್ ಮಗ್ವಾಯರ್ ಬಟ್ಟಲು ಆ ಗಡಿಯನ್ನು ದಾಟಿದ್ದು ಅದೇ ಮೊದಲು.

1961ರಲ್ಲಿ ಡೌನ್ ಮತ್ತೆ ಗೆದ್ದಿತು. ಆಫಲಿಯ ಮೇಲೆ 3-6ಕ್ಕೆ 2-8, ಒಂದೇ ಅಂಕದ ಅಂತರ. ಆ ದಿನ ಸೇರಿದ 90,556 ಮಂದಿಯ ದಾಖಲೆಯನ್ನು ಕ್ರೋಕ್ ಪಾರ್ಕಿನಲ್ಲಿ ಇಂದಿನವರೆಗೂ ಯಾರೂ ಮುರಿದಿಲ್ಲ. ಈಗಿನ ಕಟ್ಟಡದಲ್ಲಿ ಅಷ್ಟು ಜನಕ್ಕೆ ಜಾಗವೂ ಇಲ್ಲ. 1968ರಲ್ಲಿ ಮೂರನೆಯ ಸಲ, ಮತ್ತೆ ಕೆರಿಯ ಮೇಲೆ. ಕಂಬಕ್ಕೆ ತಾಗಿ ಹಿಂದಕ್ಕೆ ಬಂದ ಚೆಂಡನ್ನು ಶಾನ್ ಓನೀಲ್ ನೆಲ ಮುಟ್ಟಗೊಡದೆ ಬಲೆಗೆ ಒದ್ದ ಗೋಲನ್ನು ಇಂದಿಗೂ ಜನ ವರ್ಣಿಸುತ್ತಾರೆ. ಈ ಓನೀಲ್ ನ್ಯೂರಿಯವರು. ಶತಮಾನದ ತಂಡವನ್ನು ಆರಿಸಿದಾಗಲೂ ಸಹಸ್ರಮಾನದ ತಂಡವನ್ನು ಆರಿಸಿದಾಗಲೂ ಅವರ ಹೆಸರಿತ್ತು. ಆ ವರ್ಷದ ನಾಯಕ ಜೋ ಲೆನನ್ ಆಟದ ತರಬೇತಿಯ ಬಗ್ಗೆ ಪುಸ್ತಕ ಬರೆದವರು. ಇತರ ಕೌಂಟಿಯವರೂ ಅದನ್ನೋದಿ ಕಲಿತರು. ಗೆದ್ದವರು ಗೆಲುವಿನ ಗುಟ್ಟನ್ನು ಅಚ್ಚು ಹಾಕಿಸಿ ಹಂಚುವುದು ಎಂಥ ವ್ಯಾಪಾರವೋ!

ಅಲ್ಲಿಂದ ಮುಂದಿನದು ಕಷ್ಟದ ಕಾಲ. 1960ರ ದಶಕದ ಕೊನೆಯಿಂದ ಸುಮಾರು ಮೂವತ್ತು ವರ್ಷ ಉತ್ತರ ಐರ್ಲೆಂಡಿನಲ್ಲಿ ಬಾಂಬು, ಗುಂಡು, ಸೈನ್ಯದ ತಪಾಸಣೆ. ಅದರ ಕಾರಣಗಳನ್ನು ತೂಗಿ ನೋಡುವ ಅರ್ಹತೆ ನಮಗಿಲ್ಲ. ನೆರೆಮನೆಯವರು ಹೇಳಿದ್ದಿಷ್ಟು: ಸಂಜೆ ಅಭ್ಯಾಸಕ್ಕೆ ಹೋದ ಹುಡುಗ ಮನೆಗೆ ಬರುವವರೆಗೆ ತಾಯಂದಿರು ಒಲೆ ಆರಿಸುತ್ತಿರಲಿಲ್ಲ. ಡೌನ್ ಅಲ್ಸ್ಟರನ್ನು ಮೂರು ಬಾರಿ ಗೆದ್ದರೂ ದೊಡ್ಡ ಬಟ್ಟಲು 23 ವರ್ಷ ಗಡಿ ದಾಟಲಿಲ್ಲ. ದಾಟಿಸಿದ್ದು ಮತ್ತೆ ಡೌನೇ. 1991ರಲ್ಲಿ, ನ್ಯೂರಿಯ ಶಾಲೆಯೊಂದರ ಇತಿಹಾಸದ ಮೇಷ್ಟ್ರು ಪೀಟ್ ಮೆಕ್‌ಗ್ರಾ ತರಬೇತು ಮಾಡಿದ ತಂಡ ಮೀತ್ ಕೌಂಟಿಯನ್ನು 1-16ಕ್ಕೆ 1-14ರಂತೆ ಸೋಲಿಸಿತು. 1960ರಲ್ಲಿ ಗೋಲು ಹೊಡೆದ ಜೇಮ್ಸ್ ಮೆಕಾರ್ಟನರ ಮಗ, ಅದೇ ಹೆಸರಿನ ಜೇಮ್ಸ್, ಈ ತಂಡದಲ್ಲಿದ್ದ.

1994ರ ಕತೆಯನ್ನು ಹೇಳುವಾಗ ವೃದ್ಧರು ಧ್ವನಿ ತಗ್ಗಿಸಿದರು. ಆ ವರ್ಷ ಜೂನ್ 18ರ ರಾತ್ರಿ ಡೌನ್ ಕೌಂಟಿಯ ಲಾಕಿನಿಲಂಡ್ ಎಂಬ ಹಳ್ಳಿಯ ಪಾನಗೃಹವೊಂದರಲ್ಲಿ ಜನ ವಿಶ್ವಕಪ್ ಕಾಲ್ಚೆಂಡಿನ ಐರ್ಲೆಂಡ್-ಇಟಲಿ ಪಂದ್ಯವನ್ನು ಟಿವಿಯಲ್ಲಿ ನೋಡುತ್ತಾ ಕೂತಿದ್ದಾಗ ಬಂದೂಕುಧಾರಿಗಳು ನುಗ್ಗಿ ಗುಂಡು ಹಾರಿಸಿದರು. ಆರು ಮಂದಿ ಸತ್ತರು. ಅವರಲ್ಲೊಬ್ಬರಿಗೆ 87 ವರ್ಷ. ಆಟ ನೋಡುತ್ತಾ ಕೂತದ್ದೇ ಅವರ ಅಪರಾಧ. ಅದೇ ಬೇಸಗೆಯಲ್ಲಿ ಡೌನ್ ಅಲ್ಸ್ಟರನ್ನು ಗೆದ್ದಿತು. ಆಗಸ್ಟ್ 31ರಂದು ಐ.ಆರ್.ಎ. ಕದನವಿರಾಮ ಘೋಷಿಸಿತು. ಸೆಪ್ಟೆಂಬರ್ 18ರಂದು ಅಂತಿಮ ಪಂದ್ಯ, ಡಬ್ಲಿನ್ ತಂಡದೊಡನೆ ಡಬ್ಲಿನ್ನಿನಲ್ಲಿಯೇ. ಮಿಕ್ಕಿ ಲಿಂಡನ್ ಕೊಟ್ಟ ಚೆಂಡನ್ನು ಕಿರಿಯ ಮೆಕಾರ್ಟನ್ ಗೋಲು ಮಾಡಿದ. ಡಬ್ಲಿನ್ನಿನ ಪೆನಾಲ್ಟಿಯನ್ನು ನೀಲ್ ಕಾಲಿನ್ಸ್ ತಡೆದ. 1-12ಕ್ಕೆ 0-13. ಐದನೆಯ ಬಾರಿ ಬಟ್ಟಲು ಡೌನಿಗೆ ಬಂತು. “ಆ ಸಲ ನಾವು ಕೂಗಿದೆವೋ ಅತ್ತೆವೋ ಹೇಳುವುದು ಕಷ್ಟ” ಎಂದರು.

ಇನ್ನೊಂದು ಸಂಗತಿಯಲ್ಲಿ ನಮಗೆ ಈ ಕೌಂಟಿಯ ಮೇಲೆ ಗೌರವ ಹೆಚ್ಚಿತು. ಉತ್ತರ ಐರ್ಲೆಂಡಿನ ಪೊಲೀಸರೂ ಬ್ರಿಟಿಷ್ ಸೈನಿಕರೂ ಸಂಘದ ಸದಸ್ಯರಾಗಬಾರದೆಂಬ 21ನೆಯ ನಿಯಮವೊಂದು ಬಹುಕಾಲದಿಂದ ಇತ್ತು. ಅದಕ್ಕೆ ಹಿನ್ನೆಲೆಯಾಗಿ ನೋವಿನ ಇತಿಹಾಸವೂ ಇತ್ತು. 1920ರಲ್ಲಿ ಕ್ರೋಕ್ ಪಾರ್ಕಿನಲ್ಲಿಯೇ ಸರಕಾರದ ಪಡೆಗಳು ಪಂದ್ಯದ ನಡುವೆ ಗುಂಡು ಹಾರಿಸಿದ್ದನ್ನು ಯಾರು ಮರೆತಾರು? 1998ರ ಶಾಂತಿ ಒಪ್ಪಂದವಾದ ಮೇಲೆ, 2001ರಲ್ಲಿ ಈ ನಿಯಮವನ್ನು ತೆಗೆಯುವ ಪ್ರಶ್ನೆ ಬಂತು. ಆರು ಉತ್ತರ ಕೌಂಟಿಗಳಲ್ಲಿ ತೆಗೆಯೋಣ ಎಂದದ್ದು ಡೌನ್ ಒಂದೇ. ನಿಯಮ ಹೋಯಿತು. ಪೊಲೀಸ್ ವ್ಯವಸ್ಥೆಯ ಸುಧಾರಣೆಗಾಗಿ ರಚಿಸಿದ ಆಯೋಗದಲ್ಲಿ ಸದಸ್ಯರಾಗಿದ್ದವರೊಬ್ಬರು ಯಾರೆಂದುಕೊಂಡಿರಿ? ಹತ್ತು ವರ್ಷದ ಯೋಜನೆ ಬರೆದ ಅದೇ ಮಾರಿಸ್ ಹೇಯ್ಸ್. ಅವರು 2017ರಲ್ಲಿ ತೀರಿಕೊಂಡರು.

ಗೆಲುವಿನ ಕತೆ ಇಲ್ಲಿಗೆ ಮುಗಿಯಿತು. 1994ರ ತರುವಾಯ ಡೌನ್ ಅಲ್ಸ್ಟರ್ ಪ್ರಶಸ್ತಿಯನ್ನೇ ಗೆದ್ದಿಲ್ಲ. 2010ರಲ್ಲಿ ಕಿರಿಯ ಮೆಕಾರ್ಟನ್ ಮ್ಯಾನೇಜರ್ ಆಗಿದ್ದಾಗ ಅನಿರೀಕ್ಷಿತವಾಗಿ ಅಂತಿಮ ಪಂದ್ಯಕ್ಕೆ ಬಂದು ಕಾರ್ಕಿಗೆ 0-16ಕ್ಕೆ 0-15ರಂತೆ ಸೋತಿತು. ಅಂತಿಮ ಪಂದ್ಯದಲ್ಲಿ ಡೌನ್ ಸೋತದ್ದು ಅದೇ ಮೊದಲು. ಅದೂ ಒಂದೇ ಅಂಕದಿಂದ. ಮತ್ತೆ ಇಳಿತ. ಎರಡನೆಯ ಸಾಲಿನ ಕೌಂಟಿಗಳಿಗಾಗಿ ಟಾಲ್ಟನ್ ಕಪ್ ಎಂಬ ಬೇರೆ ಪಂದ್ಯಾವಳಿಯನ್ನು ಏರ್ಪಡಿಸಿದಾಗ ಕೆರಿಯನ್ನು ನಡುಗಿಸಿದ ಡೌನ್ ಅದರಲ್ಲಿ ಆಡಬೇಕಾಯಿತು. 2023ರ ಅಂತಿಮ ಪಂದ್ಯದಲ್ಲಿ ಮೀತಿಗೆ ಸೋತಿತು. 2024ರಲ್ಲಿ ಮತ್ತೆ ಅಂತಿಮ ಪಂದ್ಯಕ್ಕೆ ಬಂತು, ಲೀಶ್ ಕೌಂಟಿಯ ಎದುರು, ಜುಲೈ 13ರ ಶನಿವಾರ. ನಾವು ನ್ಯೂರಿಯಲ್ಲಿರುವಾಗಲೇ!

ಅಳಿಯ ಐದು ಟಿಕೇಟು ತಂದ. ಒಂದು ನೆರೆಮನೆಯ ವೃದ್ಧರಿಗೆ. ಹೊರಡುವ ಹಿಂದಿನ ರಾತ್ರಿ ಮಗಳು ನಮ್ಮ ಪಾಸ್‌ಪೋರ್ಟುಗಳನ್ನು ತೆರೆದು ದೀಪದ ಕೆಳಗೆ ಹಿಡಿದು ನೋಡಿದಳು. ಡಬ್ಲಿನ್ ಬೇರೆ ದೇಶ. ನಮ್ಮದು ಬ್ರಿಟನ್ನಿನ ವೀಸಾ. ಭಾರತೀಯರು ಎರಡೂ ಕಡೆ ತಿರುಗಾಡಬಹುದೆಂಬ ಒಪ್ಪಂದದ ಗುರುತು ಅದರಲ್ಲಿ ಅಚ್ಚಾಗಿದ್ದದ್ದರಿಂದ ಬಚಾವಾದೆವು. ಅಲ್ಲಿಯವರಿಗೆ ಇಲ್ಲವಾದ ಗಡಿ ನಮಗೆ ಮಾತ್ರ ಇನ್ನೂ ಇತ್ತು. ದಾರಿಯಲ್ಲಿ ಅದನ್ನು ನೋಡಬೇಕೆಂದು ಕಣ್ಣು ಬಿಟ್ಟುಕೊಂಡೇ ಕೂತಿದ್ದೆವು. ಗೇಟಿಲ್ಲ, ಕಾವಲಿಲ್ಲ. ರಸ್ತೆಯ ಅಂಚಿನ ಬಿಳಿಗೆರೆ ಹಳದಿಯಾಯಿತು, ಫಲಕಗಳ ಮೈಲು ಕಿಲೋಮೀಟರಾಯಿತು, ಅಷ್ಟೇ. “ಇಲ್ಲಿಯೇ” ಎಂದು ವೃದ್ಧರು ಬೆರಳು ತೋರಿದರು. ನಾವು ತಿರುಗುವಷ್ಟರಲ್ಲಿ ಹಿಂದೆ ಬಿದ್ದಿತ್ತು.

ಕ್ರೋಕ್ ಪಾರ್ಕಿನಲ್ಲಿ ಆ ದಿನ ಎರಡು ಪಂದ್ಯ. ಡೌನಿನದು ಮೊದಲು, ಅನಂತರ ದೊಡ್ಡ ಬಟ್ಟಲಿನ ಉಪಾಂತ್ಯ, ಆರ್ಮಾ ಮತ್ತು ಕೆರಿಯ ನಡುವೆ. ನ್ಯೂರಿಯ ಜನ ಇಬ್ಭಾಗವಾಗಿ ಕೂತಿದ್ದರು. ಊರ ನಡುವಿನ ಹೊಳೆಯೇ ಆರ್ಮಾ ಮತ್ತು ಡೌನಿನ ಹಳೆಯ ಮೇರೆ. ಎರಡಕ್ಕೂ ಸಲ್ಲಬೇಕೆಂದು ಪುರಭವನವನ್ನು ಹೊಳೆಯ ಮೇಲಿನ ಕಮಾನುಗಳ ಮೇಲೆಯೇ ಕಟ್ಟಿದ್ದಾರೆ. ಹೀಗಾಗಿ ಕಿತ್ತಳೆ ಬಣ್ಣದವರೂ ಕೆಂಪು-ಕಪ್ಪಿನವರೂ ಒಂದೇ ಬಸ್ಸಿನಲ್ಲಿ ಬಂದು, ಪರಸ್ಪರ ಹಾಸ್ಯ ಮಾಡುತ್ತಾ ಒಂದೇ ಬುತ್ತಿ ತಿನ್ನುತ್ತಿದ್ದರು.

ಆಟದ ಸೂಕ್ಷ್ಮ ನಮಗೆ ತಿಳಿಯಿತೆಂದು ಹೇಳಿಕೊಳ್ಳುವುದಿಲ್ಲ. ಲೀಶಿನವರು ಎರಡು ಗೋಲು ಹೊಡೆದರು. ಡೌನಿಗೆ ಒಂದೂ ಗೋಲಿಲ್ಲ. ಒಂದೊಂದೇ ಅಂಕ ಪೇರಿಸುತ್ತಾ ಹೋದರು, ಅಡಿಕೆ ಹೆಕ್ಕಿ ಬುಟ್ಟಿ ತುಂಬಿಸುವ ಹಾಗೆ. ಕೊನೆಗೆ 0-14ಕ್ಕೆ 2-6. ಎರಡು ಅಂಕದ ಗೆಲುವು. ಪುಳ್ಳಿ ನಮ್ಮಿಬ್ಬರ ಕುತ್ತಿಗೆಯನ್ನೂ ಒಟ್ಟಿಗೆ ತಬ್ಬಿ “ಗೆದ್ದೆವು, ಗೆದ್ದೆವು” ಎಂದು ಕನ್ನಡದಲ್ಲಿ ಕೂಗಿದ. ವೃದ್ಧರು ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡು ಕೂತೇ ಇದ್ದರು. ಐದು ಸಲ ದೊಡ್ಡ ಬಟ್ಟಲು ಕಂಡವರಿಗೆ ಈ ಚಿಕ್ಕ ಕಪ್ ಎಷ್ಟರದು ಎಂದುಕೊಂಡು ಅವರ ಮುಖ ನೋಡಿದೆವು. ಕಣ್ಣು ಒದ್ದೆಯಾಗಿತ್ತು. ಮಗಳೂ ಅಳುತ್ತಿದ್ದಳು. ಊರು ಬಿಟ್ಟ ದಿನ ಮಂಗಳೂರಿನ ವಿಮಾನನಿಲ್ದಾಣದಲ್ಲಿ ಕೂಡ ಅಳದೆ ಬಿಗಿಯಾಗಿ ನಿಂತಿದ್ದವಳು ಅವಳು.

ಆರ್ಮಾ ಅಂದು ಕೆರಿಯನ್ನೂ ಎರಡು ವಾರದ ಬಳಿಕ ಅಂತಿಮ ಪಂದ್ಯದಲ್ಲಿ ಗಾಲ್ವೇಯನ್ನೂ ಸೋಲಿಸಿತು. ಹೊಳೆಯಾಚೆಯ ನ್ಯೂರಿ ಕಿತ್ತಳೆಯಾಯಿತು. ಪುಳ್ಳಿ ಒಂದು ದಿನ ಮುಖ ಊದಿಸಿಕೊಂಡಿದ್ದು ಮರುದಿನ ಆರ್ಮಾದ ಗೆಳೆಯನ ಮನೆಗೆ ಆಡಲು ಹೋದ.

ಆಗಸ್ಟಿನಲ್ಲಿ ನಾವು ಹೊರಡುವ ಮುನ್ನಾದಿನ ಮಗಳು ಪೆಟ್ಟಿಗೆ ಕಟ್ಟುತ್ತಾ ಕೇಳಿದಳು: “ಅಪ್ಪಾ, ಅಮ್ಮಾ, ಏನೋ ಮಾತಾಡಲಿಕ್ಕುಂಟು ಅಂದಿದ್ದಿರಲ್ಲ?”

ಕಿಟಕಿಯ ಹೊರಗೆ ಚೆಂಡು ಗೋಡೆಗೆ ಬಡಿಯುವ ಸದ್ದು ಕೇಳುತ್ತಿತ್ತು.

“ತೋಟದ ವಿಷಯ. ಈ ವರ್ಷದಿಂದ ಚೇಣಿಗೆ ಕೊಡುವುದೆಂದು ಯೋಚಿಸಿದ್ದೇವೆ” ಎಂದೆವು.

ಅವಳು ಸೀರೆ ಮಡಚುತ್ತಿದ್ದ ಕೈ ನಿಲ್ಲಿಸಿ ನಮ್ಮನ್ನು ನೋಡಿದಳು. ಮತ್ತೇನೂ ಕೇಳಲಿಲ್ಲ.

ಟಾಲ್ಟನ್ ಕಪ್ ಗೆದ್ದವರಿಗೆ ಮರುವರ್ಷ ದೊಡ್ಡ ಬಟ್ಟಲಿನ ಸ್ಪರ್ಧೆಗೆ ಪ್ರವೇಶವುಂಟು. 2025ರ ಜೂನಿನಲ್ಲಿ ಡೌನ್ ಅದರಲ್ಲಿ ಆಡಿತು. ನಮ್ಮಲ್ಲಿ ಮಳೆ ಹೊಡೆಯುತ್ತಿತ್ತು, ಕರೆಂಟಿರಲಿಲ್ಲ. ನಡುರಾತ್ರಿಗೆ ಸಮೀಪ ಫೋನು ಬಂತು. ಗಾಲ್ವೇಯೊಡನೆ ಪಂದ್ಯ ಮುಗಿದಿತ್ತು.

“ಅಜ್ಜ, ನಾವು ಸೋತೆವು” ಎಂದ.

ಎಷ್ಟು ಅಂಕದಿಂದ ಎಂದು ಕೇಳಿದೆವು.